‘ಉಚಿತ’ ಆಟದಲ್ಲಿ ನನ್ನ ಮಗನಿಂದ ವಸೂಲಾದ ಹಣ ಮರಳಿಸುವ ಬಗ್ಗೆ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಮೂರು ಇಮೇಲ್, ಎರಡು ಕರೆಗಳ ನಂತರವೂ ಪರಿಹಾರ ಸಿಗದ ಕಾರಣ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಉಚಿತ ಆಟದಲ್ಲಿ 11 ವರ್ಷದ ನನ್ನ ಮಗ ಅರ್ಧ ಗಂಟೆಯೊಳಗೆ 14 ಬಾರಿ ನಿಜವಾದ ಹಣಕ್ಕೆ ರತ್ನಗಳನ್ನು, ಅಂದರೆ ಆಟದೊಳಗೆ ಮಾತ್ರ ನಡೆಯುವ ನಾಣ್ಯಗಳನ್ನು, ಕೊಂಡಿದ್ದಾನೆ. ಮೊದಲ ಖರೀದಿಗೆ ಪಾಸ್‌ವರ್ಡ್ ಹಾಕಿದವಳು ನಾನೇ, ಅದನ್ನು ಅಲ್ಲಗಳೆಯುವುದಿಲ್ಲ. ಉಳಿದ 13 ಖರೀದಿಗಳಿಗೆ ನಿಮ್ಮ ಆಟ ಅದನ್ನು ಮತ್ತೆ ಕೇಳಲೇ ಇಲ್ಲ.

ಕಳೆದ ಮಂಗಳವಾರ 40 ನಿಮಿಷ ಕಾದ ಮೇಲೆ ಸಿಕ್ಕ ನಿಮ್ಮ ಪ್ರತಿನಿಧಿ, “ಆಟ ಉಚಿತ ಮೇಡಂ, ಕೊಳ್ಳಿ ಎಂದು ನಾವು ಯಾರನ್ನೂ ಒತ್ತಾಯಿಸುವುದಿಲ್ಲ” ಎಂದರು. ಕೊಂಡದ್ದು ಮಗುವೇ ಎನ್ನುವುದಕ್ಕೆ ಸಾಕ್ಷಿ ಏನು ಎಂದು ಕೇಳಿ, ಫೋನನ್ನು ಅವನ ಕೈಗೆ ಕೊಡಿಸಿದರು. ಕರೆ ರೆಕಾರ್ಡ್ ಆಗುತ್ತಿದೆಯೆಂದು ಅವನಿಗೆ ತಿಳಿಸಿ, “ಅಮ್ಮನನ್ನು ಕೇಳದೆ ನಾನೇ ಕೊಂಡೆ” ಎಂದು ಹೇಳಲು ಸೂಚಿಸಿದರು. ಅವನಿಗೆ ದನಿಯೇ ಹೊರಡಲಿಲ್ಲ. ಸ್ಪಷ್ಟವಾಗಿಲ್ಲವೆಂದು ಇನ್ನೊಮ್ಮೆ ಹೇಳಿಸಿದರು. ಅವನು ಅಳುತ್ತಾ ಹೇಳಿದ ಆ ಮಾತನ್ನೇ ಹಿಡಿದುಕೊಂಡು, “ಹಾಗಾದರೆ ಇದು ನಿಮ್ಮ ಮೇಲ್ವಿಚಾರಣೆಯ ಲೋಪ, ಹಣ ವಾಪಸ್ ಬರುವುದಿಲ್ಲ” ಎಂದು ಕರೆ ಮುಗಿಸಿದರು. ಅಂದಿನಿಂದ ನನ್ನ ಮಗ ಫೋನ್ ರಿಂಗಾದರೆ ಎದ್ದು ಒಳಗೆ ಹೋಗುತ್ತಾನೆ.

ಉಚಿತ ಎನ್ನುವ ಆಟದ ಖರ್ಚನ್ನು ಯಾರು ಭರಿಸುತ್ತಾರೆ ಎಂಬುದು ನಿಮಗೆ ಚೆನ್ನಾಗಿ ಗೊತ್ತು. ಆಡುವವರಲ್ಲಿ ಬಹುಪಾಲು ಜನ ಹಣ ಕೊಡದೆ, ಜಾಹೀರಾತು ನೋಡುತ್ತಾ ತಮ್ಮ ಸಮಯವನ್ನೂ ಮಾಹಿತಿಯನ್ನೂ ಕೊಡುತ್ತಾರೆ. ಆಟದೊಳಗಿನ ಮಾರಾಟದ ಹೆಚ್ಚಿನ ಹಣ ಬರುವುದು ಮತ್ತೆ ಮತ್ತೆ ಕೊಳ್ಳುವ ಕೆಲವೇ ಜನರಿಂದ. ನಿಮ್ಮ ಉದ್ಯಮ ಅವರನ್ನು ‘ತಿಮಿಂಗಿಲ’ ಎಂದು ಕರೆಯುತ್ತದೆ. ಸ್ವಂತ ದುಡಿಮೆಯೇ ಇಲ್ಲದ ಮಗುವೊಂದು ಆ ಸಾಲಿಗೆ ಸೇರಿದ್ದು ಆಕಸ್ಮಿಕವೆಂದು ನಾನು ನಂಬುವುದಿಲ್ಲ. ಹಣವನ್ನು ರತ್ನವಾಗಿಸಿ ಬೆಲೆಯ ಅಂದಾಜು ತಪ್ಪಿಸಿದವರು, ಪ್ರತಿ ಸಲವೂ ಒಂದೆರಡು ರತ್ನ ಸಾಲದಂತೆ ಲೆಕ್ಕ ಇಟ್ಟವರು, ಅವಕಾಶ ಮುಗಿಯುತ್ತಿದೆಯೆಂದು ಗಡಿಯಾರ ಓಡಿಸಿದವರು ನೀವು.

ಒಮ್ಮೆ ಪಾಸ್‌ವರ್ಡ್ ಹಾಕಿದ ಮೇಲೆ 15 ನಿಮಿಷ ಮಕ್ಕಳ ಖರೀದಿಗೆ ಬಾಗಿಲು ತೆರೆದಿಟ್ಟಿದ್ದಕ್ಕಾಗಿ, 2014ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಮುಂದೆ ಆಪಲ್ ಕಂಪನಿ ಕನಿಷ್ಠ 3.25 ಕೋಟಿ ಡಾಲರ್ ಮರಳಿಸಲು ಒಪ್ಪಬೇಕಾಯಿತು. ನನ್ನ ದೂರು ಕೂಡ ಅದೇ ತೆರೆದ ಬಾಗಿಲಿನ ಬಗ್ಗೆ.

15 ದಿನಗಳೊಳಗೆ 13 ಖರೀದಿಗಳ ಪೂರ್ತಿ ಹಣ ಮರಳಿಸಿ, ನನ್ನ ಮಗನಲ್ಲಿ ಲಿಖಿತವಾಗಿ ಕ್ಷಮೆ ಕೋರಬೇಕು. ತಪ್ಪಿದರೆ ಗ್ರಾಹಕ ನ್ಯಾಯಾಲಯದಲ್ಲಿ ದಾವೆ ಹೂಡುತ್ತೇನೆ. ಆ ಕರೆಯ ಧ್ವನಿಮುದ್ರಣವನ್ನು ಅಳಿಸಬೇಡಿ. ಅಲ್ಲಿ ನಾನು ಮೊದಲು ಕೇಳುವುದು ಅದನ್ನೇ.

ಇಂತಿ,
ಒಬ್ಬ ಆಟಗಾರನ ತಾಯಿ