ಕ್ಯಾನೂನಲ್ಲಿ ಬಾಸ್ ಮೀನು ಹಿಡಿಯಲು ಹೊರಡುವವರಿಗೆ

ಗೆಳೆಯರೇ, ಈ ಸಲ ಮೋಟಾರ್ ದೋಣಿ ಬೇಡ, ಕ್ಯಾನೂ ಸಾಕು, ಅಂದರೆ ಹುಟ್ಟು ಹಾಕಿ ನಡೆಸುವ ಹಗುರವಾದ ಕಿರಿದಾದ ದೋಣಿ. ಮೊಣಕಾಲುದ್ದದ ನೀರಿನಲ್ಲೂ ಅದು ಆರಾಮಾಗಿ ಸಾಗುತ್ತದೆ. ಬಾಸ್ ಇರುವುದೂ ಅಲ್ಲೇ ಅಲ್ವಾ, ನೈದಿಲೆ ಎಲೆಗಳ ನೆರಳಲ್ಲಿ, ಬಿದ್ದ ಮರದ ಪಕ್ಕದಲ್ಲಿ. ನೀರು ಸ್ವಲ್ಪ ಅದುರಿದರೂ ಅದಕ್ಕೆ ಗೊತ್ತಾಗುತ್ತದೆ. ಹುಟ್ಟು ದೋಣಿಯ ಅಂಚಿಗೆ ಬಡಿಯದಂತೆ ನೋಡಿಕೊಳ್ಳಿ.

ಗಾಳವಿರುವ ರಬ್ಬರ್ ಕಪ್ಪೆಯನ್ನು ಎಲೆಯ ಮೇಲೆ ಎಸೆದು, ಮೆಲ್ಲಗೆ ನೀರಿಗೆ ಜಾರಿಸಿ. ಸುಮ್ನೆ ಬಿಡಿ. ಅಲೆಯ ಉಂಗುರಗಳು ಅಳಿದ ಮೇಲೆ ಒಂಚೂರು ಅಲುಗಾಡಿಸಿ. ಗುಳುಕ್ ಅಂದ ತಕ್ಷಣ ಎಳೆಯಬೇಡಿ. ದಾರ ಭಾರವಾಗಲಿ, ಆಮೇಲೆ ಎಳೆಯಿರಿ. ದೊಡ್ಡ ಮೀನಾದರೆ ದೋಣಿಯ ಮೂತಿಯನ್ನೇ ತಿರುಗಿಸಿಬಿಡುತ್ತದೆ. ನನಗಂತೂ ಮೀನಿನ ತೂಕಕ್ಕಿಂತ ಇದೇ ಜಾಸ್ತಿ ಮಜಾ.

ಎದ್ದು ನಿಲ್ಲಬೇಡಿ. ಲೈಫ್ ಜಾಕೆಟ್ ಇಲ್ಲದೆ ಯಾರೂ ಬರಬೇಡಿ. ಮೀನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ, ಇಲ್ಲದಿದ್ದರೆ ಅದರ ಮೈಮೇಲಿನ ಲೋಳೆ ಕಿತ್ತುಹೋಗುತ್ತದೆ.