ಶುಕ್ರವಾರದ ಸಹಿಗೆ ಮುಂಚೆ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ವಾಟ್ಸಾಪಿಗೆ ಕಳಿಸಿದ, ಮುಂಬಯಿ ಕಂಪನಿಗೆ ನಿನ್ನ ಹಾಡು ಬರೆದುಕೊಡುವ ಕರಾರನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಹಾಕಿಸಿದೆ. ಮೊಬೈಲಿನಲ್ಲಿ ಓದಿದ ಕಾಗದ ನನಗೆ ಓದಿದಂತೆ ಆಗುವುದಿಲ್ಲ. ಶುಕ್ರವಾರ ಸಹಿ ಅಂದಿದ್ದೀಯ, ಅದಕ್ಕೇ ಇದನ್ನು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಫೋನಿನಲ್ಲಿ ನಮ್ಮಿಬ್ಬರ ಮಾತು ಹೇಗೆ ಮುಗಿಯುತ್ತದೆಂದು ಮೊನ್ನೆ ರಾತ್ರಿ ನಿಮ್ಮವ್ವ ನೋಡಿದಳು. ನಾನು ದನಿ ಏರಿಸಬಾರದಿತ್ತು, ನೀನು ನಡುವೆಯೇ ಫೋನ್ ಇಡಬಾರದಿತ್ತು. ಅಲ್ಲಿಗೆ ಲೆಕ್ಕ ಸಮ.

ಕೆಲಸ ಬಿಟ್ಟ ವಿಷಯ ತೆಗೆಯುವುದಿಲ್ಲ. ಅದು ಮುಗಿದ ಮಾತು.

ಸಬ್ ರಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಬಾಂಡ್ ಬರೆದೇ ನಿನ್ನನ್ನು ಓದಿಸಿದವನು ನಾನು. ಎರಡು ಗುಂಟೆ ಜಾಗ ಮಾರಿದರೂ ಚಕ್ಕುಬಂದಿ ಬರೆಯುತ್ತೇವೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಹೊಲ, ಉತ್ತರಕ್ಕೆ ಬಂಡಿದಾರಿ. ನಿನ್ನ ಐದು ಹಾಡುಗಳಿಗೆ ಆ ಮುಂಬಯಿ ಕಂಪನಿಯವರು ಬರೆದಿರುವ ಚಕ್ಕುಬಂದಿ ಏನು ಗೊತ್ತೇ? ಇಡೀ ಬ್ರಹ್ಮಾಂಡ! ತಮಾಷೆ ಅಲ್ಲ, ನಾಲ್ಕನೇ ಕಲಮಿನಲ್ಲಿ 'ಯೂನಿವರ್ಸ್' ಅಂತಲೇ ಇದೆ. ಅವಧಿ, ಶಾಶ್ವತ. ಹಿಂದೆ ರಾಜರು 'ಆಚಂದ್ರಾರ್ಕ' ಅಂತ ದಾನಶಾಸನ ಕೆತ್ತಿಸುತ್ತಿದ್ದರು, ಅವರೂ ಊರಿನ ಎಲ್ಲೆ ಹೇಳಿಯೇ ಕೊಡುತ್ತಿದ್ದರು.

'ಎಲ್ಲರೂ ಹೀಗೇ ಸಹಿ ಹಾಕ್ತಾರಪ್ಪಾ' ಅಂದೆ ನೀನು. ಇರಬಹುದು. ಹೊಲ ಮಾರಿ ಆಮೇಲೆ ಅತ್ತವರೆಲ್ಲ ನನ್ನ ಮುಂದೆಯೇ ನಗುನಗುತ್ತ ಸಹಿ ಹಾಕಿದವರು.

ನಾನು ದನಿ ಏರಿಸಿದ್ದು ಕರಾರಿನ ಸಲುವಾಗಿ ಅಲ್ಲ, ಅದು ನಿನಗೂ ಗೊತ್ತು. ಹಾಡಿನ ಶುರುವಿಗೆ ಆ ಹಳೆಯ ಕ್ಯಾಸೆಟ್ಟಿನಿಂದ ಆಯಿಯ, ನಿನ್ನ ಅಜ್ಜಿಯ, ದನಿ ತೆಗೆದು ಹಾಕುತ್ತೇನೆ ಅಂದೆಯಲ್ಲ, ಅದರ ಸಲುವಾಗಿ. ಕ್ಯಾಸೆಟ್ಟನ್ನು ನೀನು ಕೇಳಿದ್ದೀಯ. ಅದು ಹುಟ್ಟಿದ ದಿನ ನೀನು ಇರಲಿಲ್ಲ.

1984ರ ಸುಮಾರು, ನಾನು ಏಳನೇ ಇಯತ್ತೆ. ಪ್ಯಾಂಟು ಹಾಕಿಕೊಂಡ ಇಬ್ಬರು ದೊಡ್ಡ ಟೇಪ್ ರೆಕಾರ್ಡರ್ ಹೊತ್ತು ಬಂದಿದ್ದರು. ಓಣಿಯ ಹೆಣ್ಣುಮಕ್ಕಳೆಲ್ಲ ನಮ್ಮ ಪಡಸಾಲಿಯಲ್ಲಿ ಸೇರಿದರು. ಬೀಸುವ ಪದ ಸುಮ್ಮನೆ ಕೂತು ಹೇಳಲು ಬರುವುದಿಲ್ಲ ಅಂದಳು ಆಯಿ, ಬೀಸುಕಲ್ಲು ತರಿಸಿದಳು. ಕಲ್ಲಿನ ಸಪ್ಪಳ ಬೇಡ ಅಂದರು ಅವರು. ಕಡೆಗೆ ಖಾಲಿ ಕಲ್ಲನ್ನು ನಿಧಾನ ತಿರುವುತ್ತ ಹಾಡಿದಳು. ರಾತ್ರಿ ಊಟದ ಹೊತ್ತು ದಾಟುವ ತನಕ ಹಾಡಿದಳು. ನಾನು ಕಂದೀಲು ಹಿಡಿದು ನಿಂತಿದ್ದೆ. ಆಮೇಲೆ ಒಬ್ಬ ಚೀಲದಿಂದ ಒಂದು ಹಾಳೆ ತೆಗೆದ. ಟೈಪು ಮಾಡಿದ್ದು, ಇಂಗ್ಲಿಷು. ಆಯಿ ಹೆಬ್ಬೆಟ್ಟು ಒತ್ತಿದಳು. ಗುಳೇದಗುಡ್ಡದ ಎರಡು ಖಣ ಕೊಟ್ಟರು, ಎಲ್ಲರಿಗೂ ಚಹಾ ಆಯಿತು, ಹೋದರು. ಮರುದಿನ ರೊಟ್ಟಿ ಬಡಿಯುವಾಗಲೂ ಅವಳ ಹೆಬ್ಬೆರಳಿಗೆ ನೀಲಿ ಶಾಯಿ ಇತ್ತು.

ಎರಡು ವರ್ಷದ ಮೇಲೆ ಜಾತ್ರೆಯ ಅಂಗಡಿಯಲ್ಲಿ ಕ್ಯಾಸೆಟ್ ಸಿಕ್ಕಿತು. ಮೇಲೆ ಯಾವುದೋ ನಟಿಯ ಹಾಗಿರುವ ಹೆಣ್ಣಿನ ಚಿತ್ರ. ಸಾಹಿತ್ಯ, ಸಂಗೀತ ಎಂಬಲ್ಲಿ ಕಂಪನಿಯ ಮಾಲೀಕನದೇ ಹೆಸರು. ಹಾಡಿದವರು, 'ಸಂಗಡಿಗರು'. ಆಯಿ ತನ್ನ ದನಿಯನ್ನು ತಾನೇ ರೊಕ್ಕ ಕೊಟ್ಟು ಕೊಂಡಳು. ಮನೆಗೆ ಬಂದು ಕೇಳಿ, 'ನನ್ನ ದನಿ ಇಷ್ಟ ಸಣ್ಣದೈತೇನೋ' ಅಂತ ನಕ್ಕಳು. ಅವಳಿಗೆ ಸಿಟ್ಟು ಬರಲೇ ಇಲ್ಲ, ಅದೇ ನನಗೆ ತಡೆಯಲಾಗದ್ದು. ಬಾಂಡ್ ಬರೆಯಲು ಕೂತ ಮೇಲಂತೂ ದಿನಾ ಯಾರೋ ಒಬ್ಬರು ಹೆಬ್ಬೆಟ್ಟು ಒತ್ತುವಾಗ ಆ ಹಾಳೆಯಲ್ಲಿ ಏನಿದ್ದೀತು ಅಂತ ಯೋಚನೆ. ಒಂದು ಪ್ರತಿಯನ್ನೂ ಅವರು ಬಿಟ್ಟು ಹೋಗಿರಲಿಲ್ಲ. ನಿನಗಾದರೂ ಪ್ರತಿ ಕೊಡುತ್ತಾರಲ್ಲ? ಎರಡೂ ಕಡೆಯ ಸಹಿ ಇರುವ ಪ್ರತಿ. ಪುಟಪುಟಕ್ಕೂ ಸಹಿ.

'ಆಯಿ ದನಿ ನಮ್ಮದಲ್ಲದ ಮತ್ಯಾರದು' ಅಂದೆ ನೀನು. ನ್ಯಾಯವಾಗಿ ನಮ್ಮದೇ. ಕಾಯ್ದೆಯಲ್ಲಿ ಹಾಗಿಲ್ಲ. ಜನಪದ ಪದ ಯಾರ ಸ್ವತ್ತೂ ಅಲ್ಲ, ನೀನು ಹಾಡಬಹುದು. ಆದರೆ ಮುದ್ರಿಸಿದ ಧ್ವನಿ ಮುದ್ರಿಸಿದವರದು. ಕ್ಯಾಸೆಟ್ ಹೊರಬಂದ ಮರುವರ್ಷದಿಂದ ಲೆಕ್ಕ ಹಿಡಿದರೆ 60 ವರ್ಷ. ಹಾಡುವವರಿಗೂ ಹಕ್ಕು ಎಂಬುದು ನಮ್ಮ ಕಾಯ್ದೆಗೆ ಬಂದದ್ದೇ 1994ರ ತಿದ್ದುಪಡಿಯಲ್ಲಿ. ಆಯಿ ಹಾಡಿ ಹತ್ತು ವರ್ಷ ಆಗಿತ್ತು. ಇನ್ನು ನಿನ್ನ ಕರಾರಿನ ಒಂಬತ್ತನೇ ಕಲಮು ನೋಡು. ಹಾಡಿನಲ್ಲಿರುವ ಪ್ರತಿಯೊಂದೂ ನಿನ್ನದೇ, ಯಾರಾದರೂ ತಕರಾರು ತೆಗೆದರೆ ಖರ್ಚುವೆಚ್ಚವೆಲ್ಲ ನಿನ್ನ ತಲೆಗೆ. ಅಂದರೆ ನಿಮ್ಮಾಯಿಯ ದನಿ ಹಾಕಿದ್ದಕ್ಕೆ ನೀನು ದಂಡ ಕಟ್ಟಬೇಕಾದೀತು. ಇದನ್ನು ಹೇಳಲು ಹೋಗಿಯೇ ನನ್ನ ದನಿ ಏರಿತು.

ಆ ಕಂಪನಿ ಇದೆಯೋ ಮುಚ್ಚಿದೆಯೋ, ಹಕ್ಕು ಯಾರ ಕೈಗೆ ಹೋಗಿದೆಯೋ ನಾನು ವಿಚಾರಿಸುತ್ತೇನೆ. ಒಪ್ಪಿಗೆ ಬರಹದಲ್ಲಿ ಸಿಗುವ ತನಕ ಅದನ್ನು ಹಾಡಿಗೆ ಸೇರಿಸಬೇಡ.

1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಹಾಡು ಮುಗಿಯುತ್ತಲೇ ತನ್ನ ಹೆಸರನ್ನು ತಾನೇ ಕೂಗಿ ಹೇಳಿದ್ದಳಂತೆ. ತಟ್ಟೆ ಅಚ್ಚಾಗುವುದು ಜರ್ಮನಿಯಲ್ಲಿ, ಅಲ್ಲಿಯವರಿಗೆ ಯಾರ ಹಾಡು ಅಂತ ತಿಳಿಯಬೇಕಲ್ಲ. ಶರೀಫಜ್ಜ ಇನ್ನೂ ಜಾಣ, ಪದದ ಒಳಗೇ 'ಶಿಶುನಾಳಧೀಶ' ಅಂತ ಅಂಕಿತ ಇಟ್ಟ. 1889ರಲ್ಲಿ ತೀರಿಕೊಂಡವನ ಪದವನ್ನು ರಘು ದೀಕ್ಷಿತ್ ಗಿಟಾರು ಹಿಡಿದು ಹಾಡಿದರೂ ಅದು ಯಾರದೆಂದು ಯಾರೂ ಕೇಳುವ ಹಾಗಿಲ್ಲ. ಬೀಸುವ ಪದ ಕಟ್ಟಿದ ಹೆಣ್ಣುಮಕ್ಕಳು ಅಂಕಿತ ಇಡಲಿಲ್ಲ. ಮತ್ತೆ ಅಲ್ಲಿಗೇ ಬಂದೆ ನೋಡು.

ಕಲಮುಗಳ ವಿಷಯ. ಕಾಪಿರೈಟ್ ಕಾಯ್ದೆಯ 19ನೇ ಕಲಂ ಪ್ರಕಾರ, ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಅದಕ್ಕೇ ಅವರು ಮುತುವರ್ಜಿಯಿಂದ ಬ್ರಹ್ಮಾಂಡ ಬರೆದದ್ದು. ಹೊಡೆದು ಹಾಕಿಸು. ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಂತೆ ಕೊಡು, ಐದು ಪೀಕು ತೆಗೆಯಲಿ, ಆಮೇಲೆ ಹೊಲ ಹೊಳ್ಳಿ ನಿನ್ನ ಹೆಸರಿಗೆ ಬರಲಿ. ನಿನ್ನ ಕರಾರಿನ ಹನ್ನೊಂದನೇ ಕಲಮಿನಲ್ಲಿ ರಾಯಲ್ಟಿ ಬಿಟ್ಟುಕೊಟ್ಟಿದ್ದೇನೆ ಅಂತಿದೆ. ಹಾಡು ಬರೆದವರ, ರಾಗ ಕೂಡಿಸಿದವರ ಸಮಪಾಲನ್ನು ವಾರಸುದಾರರಿಗೋ ಕಾಪಿರೈಟ್ ಸೊಸೈಟಿಗೋ ಬಿಟ್ಟು ಇನ್ನಾರಿಗೂ ಬರೆದುಕೊಡಲು ಬರುವುದಿಲ್ಲ ಅಂತ 2012ರಲ್ಲೇ ತಿದ್ದುಪಡಿಯಾಗಿದೆ. ಸಂಸತ್ತಿನಲ್ಲಿ ಹಿಂದಿ ಹಾಡು ಬರೆಯುವ ಜಾವೇದ್ ಅಖ್ತರ್ ಅದಕ್ಕಾಗಿ ಬಡಿದಾಡಿದರು. ಐಪಿಆರ್‌ಎಸ್‌ಗೆ ಸದಸ್ಯಳಾದೆಯಾ, ಆ ರಾಯಲ್ಟಿ ವಸೂಲು ಮಾಡಿಕೊಡುವ ಸೊಸೈಟಿಗೆ? ಆಗಿಲ್ಲ ಅಂತ ನನಗೆ ಗೊತ್ತು. ಆಗು. ಮುಂಗಡ ಕೊಡುತ್ತಾರೆಂದು ಹಿಗ್ಗಬೇಡ, ಸ್ಟುಡಿಯೋ, ವಿಡಿಯೋ, ಪ್ರಚಾರ ಎಲ್ಲದರ ಖರ್ಚನ್ನೂ ನಿನ್ನ ಪಾಲಿನಿಂದಲೇ ಮುರಿದುಕೊಂಡು ಆಮೇಲೆ ಪೈಸೆ ಕೊಡುವುದು. ಮತ್ತೆ, ಬೇಂದ್ರೆಯವರ ಸಾಲು ಸೇರಿಸುವ ಆಸೆ ಇದೆ ಅಂದಿದ್ದೆ. ಅವರು ತೀರಿದ್ದು 1981ರಲ್ಲಿ, 2041 ಮುಗಿಯುವ ತನಕ ಒಪ್ಪಿಗೆ ಬೇಕು. ಧಾರವಾಡದ ಅಜ್ಜ ಅಂತ ಸಲಿಗೆ ನಡೆಯುವುದಿಲ್ಲ.

ಭಾಷಣ ಬೇಡ ಅಂದಿದ್ದೆ ನೀನು. ಆಯಿತು.

ದೊಮ್ಮಲೂರಿನ ಕಾರ್ಯಕ್ರಮಕ್ಕೆ ಬಂದವನು ಏನೂ ಹೇಳದೆ ರಾತ್ರಿ ಬಸ್ಸು ಹತ್ತಿದೆ ಅಂತ ನಿಮ್ಮವ್ವನ ಹತ್ತಿರ ನೊಂದುಕೊಂಡೆಯಂತೆ. ಹೇಳಲು ಬರಲಿಲ್ಲವ್ವಾ. ಬೆಂಗಳೂರಿನ ಅಷ್ಟು ಜನ ನಮ್ಮ ಕಡೆ ಮಾತನ್ನು ಪಿಟ್ಟೆನ್ನದೆ ಕೇಳುತ್ತಿದ್ದರು. ನಮ್ಮ ಸ್ಟ್ಯಾಂಪ್ ವೆಂಡರ್ ಮೊಬೈಲಿನಲ್ಲಿ ನಿನ್ನ ಹಾಡು ಹಚ್ಚಿ ಪಕ್ಷಗಾರರಿಗೆಲ್ಲ ಕೇಳಿಸುತ್ತಾನೆ, 'ಇವರ ಮಗಳದು' ಅಂತ ನನ್ನ ಕಡೆ ಕೈ ಮಾಡಿ. ನಾನು ಆಗ ಬರೆಯುತ್ತಿರುವ ಹಾಗೆ ತಲೆ ಬಗ್ಗಿಸಿರುತ್ತೇನೆ. ಬಾಡಿಗೆ ಕಟ್ಟಿದೆಯಾ? ರೊಕ್ಕ ಬೇಕಿದ್ದರೆ ನಿಮ್ಮವ್ವನಿಗೆ ಹೇಳು, ನನಗೆ ಹೇಳಲು ಬೇಸರವಾದರೆ.

ಸಹಿ ಹಾಕಬೇಡ ಅನ್ನುತ್ತಿಲ್ಲ. ಒಂದು ವಾರ ಮುಂದೂಡು, ಕಾಯದ ಕಂಪನಿ ನಮಗೆ ಬೇಡ. ಬೆಂಗಳೂರಿನಲ್ಲಿ ಈ ಕಾಯ್ದೆ ತಿಳಿದ ವಕೀಲರಿಗೆ ಒಮ್ಮೆ ತೋರಿಸು, ನಾನು ಹೊಲಮನೆಯ ಕಾಗದ ಬಲ್ಲವನು, ಅಷ್ಟೇ. ಫೀಸು ನಾನು ಕೊಡುತ್ತೇನೆ. ಕರಾರಿನ ಕೊನೆಯ ಶೆಡ್ಯೂಲಿನಲ್ಲಿ ಆ ಹಾಡಿನಲ್ಲಿ ಯಾವುದು ಯಾರದೆಂದು ಬಿಡಿಸಿ ಬರೆಸು. ಮೊದಲ ನುಡಿ ಬೀಸುವ ಪದ, ಆಯಿಯಿಂದ ಕಲಿತದ್ದು. ಪಿಜಿಯ ಟೆರೇಸು, ನೀರಿನ ಟ್ಯಾಂಕರು ಬರುವ ಮುಂದಿನ ನುಡಿಗಳೆಲ್ಲ ನಿನ್ನವು, ರಾಗ ಬೆಳೆಸಿದ್ದೂ ನೀನು. ಆಯಿಯ ಹೆಸರು ರೇಶನ್ ಕಾರ್ಡಿನಲ್ಲಿ ತಪ್ಪು ಬಿದ್ದಿದೆ, ಅದನ್ನು ನೋಡಿ ಬರೆಸಬೇಡ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇರುವುದೇ ಸರಿ, ಅದರ ಝೆರಾಕ್ಸ್ ಇದರ ಜೊತೆಗೆ ಇಟ್ಟಿದ್ದೇನೆ.

ನಿನ್ನ ಅಪ್ಪ