ವಿಲ್ಲಿ ಓ’ರೀ ಅವರ ಆಟ 45 ಪಂದ್ಯಗಳಿಗೆ ಮುಗಿಯಲಿಲ್ಲ

ಮಾನ್ಯ ಸಂಪಾದಕರೇ,

ವರ್ಣಭೇದದ ಅಡೆತಡೆ ದಾಟಿ ಬಂದ ಕ್ರೀಡಾಪಟುಗಳ ಕುರಿತು ತಮ್ಮ ಕ್ರೀಡಾಪುಟದಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನದಲ್ಲಿ ಕೆನಡಾದ ಐಸ್ ಹಾಕಿ ಆಟಗಾರ ವಿಲ್ಲಿ ಓ’ರೀ ಅವರಿಗೂ ಒಂದು ಪ್ಯಾರಾ ದೊರೆತದ್ದನ್ನು ಕಂಡು ಸಂತೋಷವಾಯಿತು. ಆದರೆ ಉತ್ತರ ಅಮೆರಿಕದ ಐಸ್ ಹಾಕಿಯ ಅತ್ಯುನ್ನತ ಲೀಗ್ ಆದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಅವರು, 45 ಪಂದ್ಯಗಳಲ್ಲಿ 4 ಗೋಲು ಗಳಿಸಿ ತೆರೆಮರೆಗೆ ಸರಿದರು ಎಂಬಲ್ಲಿಗೆ ಆ ಪ್ಯಾರಾ ನಿಂತುಬಿಟ್ಟಿದೆ. ಅಂಕಿಗಳಲ್ಲಿ ತಪ್ಪಿಲ್ಲ. ಆದರೆ ಅವುಗಳಿಂದ ಓದುಗರ ಮನಸ್ಸಿನಲ್ಲಿ ಮೂಡುವ ಚಿತ್ರ ತಪ್ಪು. ಓ’ರೀ ನಿವೃತ್ತರಾದದ್ದು 1979ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ. ಎರಡು ದಶಕಗಳಿಗೂ ಮೀರಿದ ಒಬ್ಬ ಫಾರ್ವರ್ಡ್‌ನ ದುಡಿಮೆಯನ್ನು ಎರಡು ಋತುಗಳ ಲೆಕ್ಕಕ್ಕೆ ಇಳಿಸುವುದು ಅನ್ಯಾಯವೆಂದು ನನಗೆ ತೋರಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

1935ರಲ್ಲಿ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಫ್ರೆಡೆರಿಕ್ಟನ್‌ನಲ್ಲಿ ಹುಟ್ಟಿದ ಓ’ರೀ, 1958ರ ಜನವರಿ 18ರ ರಾತ್ರಿ ಮಾಂಟ್ರಿಯಲ್ ಫೋರಂ ಕ್ರೀಡಾಂಗಣದಲ್ಲಿ ಬಾಸ್ಟನ್ ಬ್ರೂಯಿನ್ಸ್ ತಂಡದ ಪರವಾಗಿ ಮಾಂಟ್ರಿಯಲ್ ತಂಡದ ವಿರುದ್ಧ ಮೊದಲ ಸಲ ಆ ಲೀಗ್‌ನ ಕಣಕ್ಕಿಳಿದರು. ಬಾಸ್ಟನ್ 3–0 ಅಂತರದಿಂದ ಗೆದ್ದಿತು. ಆ ಋತುವಿನಲ್ಲಿ ಅವರಿಗೆ ಸಿಕ್ಕದ್ದು ಎರಡೇ ಪಂದ್ಯ. ಉಳಿದ 43 ಪಂದ್ಯಗಳು 1960–61ರ ಋತುವಿನವು. 1961ರ ಹೊಸವರ್ಷದ ದಿನ ಬಾಸ್ಟನ್ ಗಾರ್ಡನ್‌ನಲ್ಲಿ ಅದೇ ಮಾಂಟ್ರಿಯಲ್ ವಿರುದ್ಧ ಅವರು ಮೊದಲ ಗೋಲು ಹೊಡೆದರು. ಋತು ಮುಗಿದ ಮೇಲೆ ಬಾಸ್ಟನ್ ಆಡಳಿತ ಅವರನ್ನು ಮಾಂಟ್ರಿಯಲ್‌ಗೆ ಬಿಟ್ಟುಕೊಟ್ಟಿತು. 1956ರಿಂದ 1960ರವರೆಗೆ ಸತತ ಐದು ಸಲ ಲೀಗ್‌ನ ಚಾಂಪಿಯನ್ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿದ್ದ ಆ ತಂಡದಲ್ಲಿ ಹೊಸ ಫಾರ್ವರ್ಡ್‌ಗೆ ಜಾಗ ಎಲ್ಲಿಂದ ಬರಬೇಕು? ಇಡೀ ಲೀಗ್‌ನಲ್ಲಿ ಆಗ ಇದ್ದದ್ದೇ ಆರು ತಂಡ; ತಂಡಕ್ಕೆ ಇಪ್ಪತ್ತರಂತೆ ಹಿಡಿದರೂ ಒಟ್ಟು ನೂರಿಪ್ಪತ್ತರ ಆಸುಪಾಸಿನ ಜಾಗಗಳು. ಆಟಗಾರರ ಸಂಘ ಹುಟ್ಟಿದ್ದು 1967ರಲ್ಲಿ. ಅಲ್ಲಿಯವರೆಗೆ ಕ್ಲಬ್ಬು ಕಳಿಸಿದ ಕಡೆ ಹೋಗುವುದನ್ನು ಬಿಟ್ಟರೆ ಆಟಗಾರನಿಗೆ ಬೇರೆ ದಾರಿಯೇ ಇರಲಿಲ್ಲ. ಓ’ರೀ ಅವರ ನಂತರ ಆ ಲೀಗ್‌ಗೆ ಇನ್ನೊಬ್ಬ ಕಪ್ಪು ಆಟಗಾರ ಬಂದದ್ದು 1974ರಲ್ಲಿ. ಇಷ್ಟನ್ನೂ ಬದಿಗಿಟ್ಟು ಬರೀ 45 ಎಂಬ ಸಂಖ್ಯೆಯನ್ನು ಮುದ್ರಿಸಿದರೆ, ಸಾಮರ್ಥ್ಯ ಸಾಲದೆ ಹೊರಬಿದ್ದ ಆಟಗಾರನೆಂದೇ ಓದುಗರು ಭಾವಿಸುತ್ತಾರೆ.

ಆ ಪ್ಯಾರಾದಲ್ಲಿ ಒಂದು ಸಾಲಿನಷ್ಟೂ ಜಾಗ ಸಿಗದ ವಿಷಯವೆಂದರೆ ಅವರ ಕಣ್ಣು. 1955–56ರ ಋತುವಿನಲ್ಲಿ ಒಂಟಾರಿಯೊದ ಜೂನಿಯರ್ ಪಂದ್ಯವೊಂದರಲ್ಲಿ, ಯಾರದೋ ಕೋಲಿಗೆ ತಗುಲಿ ಚಿಮ್ಮಿದ ಪಕ್ (ಚೆಂಡಿನ ಬದಲು ಬಳಸುವ ಗಟ್ಟಿ ರಬ್ಬರ್ ಬಿಲ್ಲೆ) ಅವರ ಬಲಗಣ್ಣಿಗೆ ಬಡಿಯಿತು. ಆ ಕಣ್ಣಿನ ದೃಷ್ಟಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಇನ್ನು ಹಾಕಿ ಆಡಲಾಗದೆಂದು ವೈದ್ಯರು ಹೇಳಿದರು. ಒಂದು ಕಣ್ಣಿನ ದೃಷ್ಟಿ ಇಲ್ಲದವರನ್ನು ಲೀಗ್‌ನ ನಿಯಮವೇ ಹೊರಗಿಡುತ್ತಿತ್ತು. ಹಾಗಾಗಿ ಓ’ರೀ ಈ ಸಂಗತಿಯನ್ನು ತಂಡಗಳಿಂದ ಮುಚ್ಚಿಟ್ಟೇ ಆಡಿದರು.

ಇದರ ತೂಕ ತಿಳಿಯಬೇಕಾದರೆ ಫಾರ್ವರ್ಡ್ ಆಟವನ್ನು ತುಸು ಹತ್ತಿರದಿಂದ ನೋಡಬೇಕು. ಓ’ರೀ ಎಡ ವಿಂಗ್‌ನ, ಅಂದರೆ ಅಂಕಣದ ಎಡ ಅಂಚಿನಲ್ಲಿ ಆಡುವ ಆಟಗಾರ. ಎಡ ವಿಂಗರ್ ಎದುರಾಳಿಯ ಗೋಲಿನತ್ತ ಸ್ಕೇಟ್ ಮಾಡುತ್ತ ಹೋಗುವಾಗ ಅವನ ಎಡಕ್ಕೆ ಇರುವುದು ಅಂಕಣದ ಕಟ್ಟೆ ಮಾತ್ರ. ಸೆಂಟರ್ ಆಟಗಾರ ಕೊಡುವ ಪಾಸ್, ಅಡ್ಡಗಟ್ಟಲು ನುಗ್ಗಿಬರುವ ಡಿಫೆಂಡರ್, ಆಟದ ಮುಕ್ಕಾಲು ಪಾಲು ಎಲ್ಲವೂ ಅವನ ಬಲಗಡೆಗೆ. ಕಾಣದ ಕಣ್ಣೂ ಅದೇ ಬದಿಯದು. ಪ್ರತಿ ಪಾಸ್‌ಗೂ ಅವರು ಎಡಗಣ್ಣು ಆ ಕಡೆಗೆ ಹೊರಳುವಂತೆ ಕತ್ತನ್ನು ಪೂರ್ತಿ ಬಲಕ್ಕೆ ತಿರುಗಿಸಬೇಕಿತ್ತು, ಅದೂ ಆ ವೇಗದಲ್ಲಿ, ಹೆಲ್ಮೆಟ್ ತೊಡುವ ವಾಡಿಕೆ ಇನ್ನೂ ಬಂದಿರದ ಕಾಲದಲ್ಲಿ. ಬಾಸ್ಟನ್‌ನ 45 ಪಂದ್ಯಗಳನ್ನೂ ಅವರು ಆಡಿದ್ದು ಹೀಗೆ. ಆ 4 ಗೋಲು ಮತ್ತು ಅವುಗಳ ಜೊತೆಗಿನ 10 ಅಸಿಸ್ಟ್‌ಗಳನ್ನು (ಸಹ ಆಟಗಾರರ ಗೋಲಿಗೆ ನೆರವಾದ ಪಾಸ್‌ಗಳನ್ನು) ಈ ಹಿನ್ನೆಲೆಯಿಲ್ಲದೆ ಅಳೆಯುವುದು ಹೇಗೆ ಎಂಬುದೇ ನನ್ನ ಪ್ರಶ್ನೆ.

ಮುಂದೆ ಕೆಳಹಂತದ ವೆಸ್ಟರ್ನ್ ಹಾಕಿ ಲೀಗ್‌ನ ಲಾಸ್ ಏಂಜಲೀಸ್ ಬ್ಲೇಡ್ಸ್ ತಂಡದಲ್ಲಿ ತರಬೇತುದಾರರು ಅವರನ್ನು ಬಲ ವಿಂಗ್‌ಗೆ ಬದಲಾಯಿಸಿದರು. ಕೋಲನ್ನು ಎಡಗೈ ಆಟಗಾರರಂತೆ ಹಿಡಿಯುವವರಿಗೆ ಬಲಬದಿಯಲ್ಲಿ ಪಾಸ್ ಹಿಡಿಯುವುದು ಕಷ್ಟ. ಆದರೂ ಈಗ ಕಟ್ಟೆ ಕಾಣದ ಕಣ್ಣಿನ ಕಡೆಗೆ ಹೋಯಿತು, ಇಡೀ ಅಂಕಣ ಕಾಣುವ ಕಣ್ಣಿನ ಮುಂದೆ ತೆರೆದುಕೊಂಡಿತು. 1964–65ರಲ್ಲಿ ಅವರು 38 ಗೋಲು ಹೊಡೆದರು. 1967ರಲ್ಲಿ ದೊಡ್ಡ ಲೀಗ್ ಹನ್ನೆರಡು ತಂಡಗಳಿಗೆ ಬೆಳೆದು ಲಾಸ್ ಏಂಜಲೀಸ್‌ಗೆ ಹೊಸ ತಂಡ ಬಂದಾಗ ಬ್ಲೇಡ್ಸ್ ಮುಚ್ಚಿಹೋಯಿತು. ಓ’ರೀ ಸ್ಯಾನ್ ಡಿಯಾಗೊ ಗಲ್ಸ್ ಸೇರಿ 1968–69ರಲ್ಲಿ ಮತ್ತೆ 38 ಗೋಲು ಗಳಿಸಿದರು. ಅಷ್ಟರಲ್ಲಿ ಅವರಿಗೆ 33 ತುಂಬಿತ್ತು. ನನ್ನ ಮಟ್ಟಿಗೆ ಅವರ ವೃತ್ತಿಜೀವನದ ನಡುಭಾಗವೆಂದರೆ ಈ ಕ್ಯಾಲಿಫೋರ್ನಿಯಾದ ವರ್ಷಗಳೇ. ಬಾಸ್ಟನ್ ಅದರ ಮೊದಲ ಅಧ್ಯಾಯ ಮಾತ್ರ.

ಅವರು ಸಹಿಸಿದ ಜನಾಂಗ ನಿಂದನೆಯನ್ನು ನಾನು ಹಗುರ ಮಾಡುತ್ತಿಲ್ಲ. ಶಿಕಾಗೊದಲ್ಲಿ ಎದುರಾಳಿಯೊಬ್ಬ ಕೋಲಿನ ಹಿಡಿಯಿಂದ ಮುಖಕ್ಕೆ ತಿವಿದು ಅವರ ಮೂಗನ್ನೂ ಹಲ್ಲನ್ನೂ ಮುರಿದದ್ದು ದಾಖಲಾದ ಸಂಗತಿ. ಆದರೆ ಅಮೆರಿಕದ ಬೇಸ್‌ಬಾಲ್‌ನಲ್ಲಿ ವರ್ಣಭೇದದ ಅಡೆತಡೆ ಮುರಿದ ಆಟಗಾರನ ಹೆಸರಿನಿಂದ ‘ಹಾಕಿಯ ಜಾಕಿ ರಾಬಿನ್ಸನ್’ ಎಂದು ಕರೆದು ಗೌರವಿಸುವ ಭರದಲ್ಲಿ, ರಾಬಿನ್ಸನ್ ಅವರ ಬೇಸ್‌ಬಾಲ್ ಆಟದ ಬಗ್ಗೆ ಎಲ್ಲರೂ ಬರೆಯುವಂತೆ ಓ’ರೀ ಅವರ ಆಟದ ಬಗ್ಗೆ ಯಾರೂ ಬರೆಯುವುದಿಲ್ಲ. 2018ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಕೂಡ ಅವರನ್ನು ಸೇರಿಸಿಕೊಂಡದ್ದು ಆಟಗಾರರ ವಿಭಾಗಕ್ಕಲ್ಲ, ಆಟವನ್ನು ಕಟ್ಟಿ ಬೆಳೆಸಿದವರ ವಿಭಾಗಕ್ಕೆ. 1998ರಿಂದ ಲೀಗ್‌ನ ಪರವಾಗಿ ಮಕ್ಕಳ ನಡುವೆ ಅವರು ಮಾಡಿದ ಕೆಲಸಕ್ಕೆ ಅದು ನ್ಯಾಯವಾದ ಗೌರವವೇ. 2022ರ ಜನವರಿ 18ರಂದು, ಅಂದರೆ ಮೊದಲ ಪಂದ್ಯಕ್ಕೆ 64 ವರ್ಷ ತುಂಬಿದ ದಿನ, ಬಾಸ್ಟನ್ ತಂಡವು ಅವರ 22ನೆಯ ಸಂಖ್ಯೆಯ ಜೆರ್ಸಿಯನ್ನು ಇನ್ನಾರಿಗೂ ಕೊಡದಂತೆ ಮೀಸಲಿಟ್ಟದ್ದೂ ಸರಿಯೇ. ಕಣ್ಣು ಕಳೆದುಕೊಂಡೂ ಗೋಲು ಹೊಡೆಯುತ್ತಿದ್ದ ಆ ಫಾರ್ವರ್ಡ್‌ನ ಲೆಕ್ಕ ಮಾತ್ರ ಇನ್ನೂ ಬಾಕಿಯಿದೆ ಎನ್ನುವುದು ನನ್ನ ಅಭಿಪ್ರಾಯ.

ಭಾರತ ತಂಡಕ್ಕೆ ಒಂದೆರಡು ಪಂದ್ಯ ಆಡಿ, ರಣಜಿಯಲ್ಲಿ ವರ್ಷಾನುಗಟ್ಟಲೆ ದುಡಿದ ಆಟಗಾರರನ್ನು ಕಂಡಿರುವ ಕನ್ನಡದ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ನನ್ನ ಕೋರಿಕೆ ಇಷ್ಟು: ವಿದೇಶಿ ಲೀಗ್‌ಗಳ ಆಟಗಾರರ ಪರಿಚಯ ಪ್ರಕಟಿಸುವಾಗ ಮೇಲಿನ ಲೀಗ್‌ನ ಅಂಕಿಗಳ ಪಕ್ಕದಲ್ಲೇ ಕೆಳಗಿನ ಲೀಗ್‌ಗಳಲ್ಲಿ ಅವರು ಆಡಿದ ಋತುಗಳನ್ನೂ ಕೊಡಿ. ಓ’ರೀ ಅವರ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೊ ವರ್ಷಗಳ ಕುರಿತು, ಸಾಧ್ಯವಾದರೆ ಅದೇ ಲೇಖಕರಿಂದ, ಒಂದು ಪೂರ್ಣ ಲೇಖನ ಬರೆಸಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗ, ಶಿವಮೊಗ್ಗ